ಪಿತ್ರಾರ್ಜಿತವೂ ಸ್ವಾರ್ಜಿತವೂ: ಯಾವುದಕ್ಕೆ ಮನ್ನಣೆ?

ಧನಿಕರನ್ನು ಕುರಿತ ಗಾದೆಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ಎಲ್ಲರ ಬಾಯಲ್ಲಿಯೂ ಇರುವುದು, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಮಾತು. ಇಲ್ಲಿಯ ಕೊಡೆಯನ್ನು ಮಳೆಯ ಕೊಡೆಯೆಂದು ತಿಳಿದರೆ ಗಾದೆಯ ಸ್ವಾರಸ್ಯ ಅರ್ಧ ಹೋಗುತ್ತದೆ. ರಾಜನಿಗೆ, ದೇವರಿಗೆ, ಗುರುಗಳಿಗೆ ಹಿಡಿಯುವ ಛತ್ರವದು, ಮರ್ಯಾದೆಯ ಕುರುಹು. ನಿನ್ನೆ ಮೊನ್ನೆ ಹಣ ಕಂಡವನು ಆ ಮರ್ಯಾದೆಗೆ ಆತುರಪಟ್ಟು ಹೊತ್ತುಗೊತ್ತಿಲ್ಲದೆ ಮೆರೆಯುತ್ತಾನೆ ಎಂಬುದೇ ಅದರ ಚುಚ್ಚು. ಹಳೆಯ ಸಿರಿವಂತರ ವಿಷಯದಲ್ಲಾದರೋ ಜನರ ನಾಲಿಗೆ ಇಷ್ಟು ಹರಿತವಾಗುವುದಿಲ್ಲ. ಆನೆ ಬಡವಾದರೆ ಕೊಟ್ಟಿಗೆಯಲ್ಲಿ ಕಟ್ಟಲಾದೀತೇ ಎಂದು, ಹೊಲ ಮನೆಗಳೆಲ್ಲವನ್ನೂ ಕಳೆದುಕೊಂಡ ಮನೆತನದ ಯಜಮಾನನಿಗೂ ಮೊದಲ ಪಂಕ್ತಿಯಲ್ಲಿ ಮಣೆ ಹಾಕುವುದು ರೂಢಿ. ಆ ಮನೆಯ ಮಗನು ದುಡಿಯದೆ ಕುಳಿತಾಗ ಮಾತ್ರ, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮೂರನೆಯ ಗಾದೆ ಜನರಿಗೆ ನೆನಪಾಗುತ್ತದೆ.

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮವರಿಗೆ ಇದು ಕೇವಲ ಗಾದೆಯ ವಿನೋದವಾಗಿ ಉಳಿದಿಲ್ಲ. ಇಲ್ಲಿರುವ ಬಹುಮಂದಿಯ ಸಂಪತ್ತು ಒಂದೆರಡು ತಲೆಮಾರಿನ ಗಳಿಕೆ. ಊರಿನಲ್ಲಿರುವುದು ಹಿರಿಯರ ಆಸ್ತಿ. ಅದನ್ನು ನೋಡಿಕೊಂಡು ಅಲ್ಲಿಯೇ ಉಳಿದಿರುವವನು ಅಣ್ಣನೋ ತಮ್ಮನೋ. ವಿವಾಹದ ಮಾತುಕತೆಯಲ್ಲಿ, ದೇವಸ್ಥಾನದ ಜೀರ್ಣೋದ್ಧಾರದ ಸಭೆಯಲ್ಲಿ, ಕೊನೆಗೆ ಪಾಲುಪಟ್ಟಿ ಬರೆಯುವ ದಿನ, ಇವೆರಡೂ ಎದುರುಬದುರಾಗಿ ನಿಲ್ಲುತ್ತವೆ. ಒಬ್ಬನು “ಇದು ನನ್ನ ಸ್ವಂತ ಸಂಪಾದನೆ” ಎನ್ನುತ್ತಾನೆ. ಇನ್ನೊಬ್ಬನು “ಇದು ನಮ್ಮ ಹಿರಿಯರದು” ಎನ್ನುತ್ತಾನೆ. ಈ ಎರಡು ಮಾತುಗಳಿಗೂ ಶಾಸ್ತ್ರದಲ್ಲಿ ಎಷ್ಟು ತೂಕವಿದೆ ಎಂಬುದನ್ನು ಈ ಪಾಠದಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಸ್ಮೃತಿಕಾರರು ಧನದ ವಯಸ್ಸನ್ನು ಕೇಳುವುದಿಲ್ಲ, ಅದು ಬಂದ ದಾರಿಯನ್ನು ಕೇಳುತ್ತಾರೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಧರ್ಮಸಮ್ಮತವಾದ ಧನಾಗಮಗಳು ಏಳೆಂದು ಎಣಿಸಿದೆ. ಹಿರಿಯರಿಂದ ಬಂದ ದಾಯವು ಆ ಏಳರಲ್ಲಿ ಒಂದು. ಕ್ರಯದಿಂದ ಬಂದುದು, ಬಡ್ಡಿಗೆ ತೊಡಗಿಸಿದ್ದರಿಂದ ಬಂದುದು, ಕೆಲಸ ಮಾಡಿ ಪಡೆದುದು ಮುಂತಾದವು ಉಳಿದವು. ನಾರದಸ್ಮೃತಿಯಲ್ಲಿ ಈ ವಿಚಾರವು ಇನ್ನೂ ಸೂಕ್ಷ್ಮವಾಗಿದೆ. ಅಲ್ಲಿ ಧನವನ್ನು ಶುಕ್ಲ, ಶಬಲ, ಕೃಷ್ಣ ಎಂದು ಮೂರು ಬಣ್ಣಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಏಳೇಳು ಬಗೆಗಳನ್ನು ಹೇಳಿದೆ. ವಿದ್ಯೆಯಿಂದ, ಶೌರ್ಯದಿಂದ, ತಪಸ್ಸಿನಿಂದ, ಶಿಷ್ಯರಿಂದ, ಯಾಜನದಿಂದ ಬಂದ ಧನ ಶುಕ್ಲ. ವಂಶಪಾರಂಪರ್ಯವಾಗಿ ಬಂದುದೂ ಅದೇ ಪಂಕ್ತಿಯಲ್ಲಿ ಶುಕ್ಲ. ಎಂದರೆ, ಇಂದು ಓದಿ ಇಂದೇ ಗಳಿಸಿದವನ ಧನವೂ ಏಳು ತಲೆಮಾರಿನಿಂದ ಇಳಿದು ಬಂದ ಧನವೂ ನಾರದರ ದೃಷ್ಟಿಯಲ್ಲಿ ಒಂದೇ ಬಣ್ಣದವು. ಕೃಷಿ, ವ್ಯಾಪಾರ, ಬಡ್ಡಿ, ಶಿಲ್ಪ, ಸೇವೆ ಮುಂತಾದವುಗಳಿಂದ ಬಂದುದು ಶಬಲ, ಮಿಶ್ರವರ್ಣದ್ದು. ಲಂಚ, ಜೂಜು, ಕಳ್ಳನಾಣ್ಯದಂಥ ನಕಲು, ದರೋಡೆ, ಪರಪೀಡೆ, ಕಪಟ ಇವುಗಳಿಂದ ಬಂದುದು ಕೃಷ್ಣಧನ. ಇಂದಿನ ಪತ್ರಿಕೆಗಳಲ್ಲಿ ‘ಕಪ್ಪುಹಣ’ವೆಂದರೆ ತೆರಿಗೆ ತಪ್ಪಿಸಿದ ಹಣವೆಂಬಷ್ಟೇ ಅರ್ಥ. ನಾರದರ ಕಪ್ಪು ಅದಕ್ಕಿಂತ ಬಹಳ ವಿಶಾಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಲಂಚದ ಹಣವು ಅಲ್ಲಿ ಬಿಳಿಯಾಗುವುದಿಲ್ಲ.

ಈ ವಿಂಗಡಣೆಯ ಪ್ರಯೋಜನವನ್ನೂ ನಾರದರೇ ಹೇಳಿದ್ದಾರೆ. ಯಾವ ಬಣ್ಣದ ಧನದಿಂದ ಮನುಷ್ಯನು ಕರ್ಮವನ್ನು ಮಾಡುತ್ತಾನೆಯೋ ಅದರ ಫಲವೂ ಇಹಪರಗಳಲ್ಲಿ ಅದೇ ಬಣ್ಣದ್ದಾಗಿರುತ್ತದೆ ಎಂಬುದು ಅಭಿಪ್ರಾಯ. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಸುವಾಗ ಮೊತ್ತವನ್ನು ನೋಡುತ್ತೇವೆ, ಮನೆತನವನ್ನೂ ನೋಡುತ್ತೇವೆ. ಬಣ್ಣವನ್ನು ನೋಡುವ ಪದ್ಧತಿ ಎಲ್ಲಿಯೂ ಕಾಣುವುದಿಲ್ಲ.

ಹಳೆಯ ಸಂಪತ್ತು ಹೊಸ ಸಂಪತ್ತನ್ನು ಕಂಡಾಗ ಏನಾಗುತ್ತದೆ ಎಂಬುದಕ್ಕೆ ಮಹಾಭಾರತದ ಸಭಾಪರ್ವಕ್ಕಿಂತ ಬೇರೆ ದೃಷ್ಟಾಂತ ಬೇಕಾಗಿಲ್ಲ. ರಾಜ್ಯವಿಭಾಗದಲ್ಲಿ ಪಿತೃಪಿತಾಮಹರ ಹಸ್ತಿನಾವತಿ ದುರ್ಯೋಧನನ ಕಡೆಗೆ ಉಳಿಯಿತು. ಪಾಂಡವರ ಪಾಲಿಗೆ ಬಂದುದು ಖಾಂಡವಪ್ರಸ್ಥವೆಂಬ ಕಾಡು. ಆ ಕಾಡಿನಲ್ಲಿ ಅವರು ನಗರವನ್ನು ಕಟ್ಟಿದರು, ಮಯನಿಂದ ಸಭೆಯನ್ನು ಪಡೆದರು, ನಾಲ್ಕು ದಿಕ್ಕುಗಳನ್ನು ಗೆದ್ದು ರಾಜಸೂಯವನ್ನು ಮಾಡಿದರು. ನಾರದರ ಲೆಕ್ಕದಲ್ಲಿ ಇದು ಶೌರ್ಯಧನ, ಶುಕ್ಲ. ಆ ಯಾಗದಲ್ಲಿ ರಾಜರು ತಂದ ಕಪ್ಪಕಾಣಿಕೆಗಳನ್ನು ಸ್ವೀಕರಿಸುವ ಕೆಲಸ ದುರ್ಯೋಧನನದೇ ಆಗಿತ್ತು. ದಾಯಾದಿಯ ಹೊಸ ಸಂಪತ್ತನ್ನು ಅವನು ತನ್ನ ಕೈಯಾರೆ ಎಣಿಸಬೇಕಾಯಿತು. ಎಣಿಸಿ ಎಣಿಸಿ ಕೈ ಸೋತಿತೆಂದು ಆಮೇಲೆ ಅವನೇ ಹೇಳಿಕೊಳ್ಳುತ್ತಾನೆ. ಊರಿಗೆ ಮರಳಿದ ಮಗನು ಬಿಳಿಚಿಕೊಂಡಿರುವುದನ್ನು ಕೇಳಿದ ಧೃತರಾಷ್ಟ್ರನು, ಉಣ್ಣಲು ಉಡಲು ನಿನಗೆ ಕೊರತೆಯೇನಿದೆ, ಏಕೆ ಸೊರಗಿದೆ ಎಂದು ವಿಚಾರಿಸುತ್ತಾನೆ. ಕೊರತೆಯೇನೂ ಇರಲಿಲ್ಲ. ಹುಟ್ಟಿನಿಂದ ತನಗೆ ಬಂದ ಮೇಲ್ಮೆಯನ್ನು ಬೇರೊಬ್ಬರು ದುಡಿದು ಮೀರಿಸಿದರು ಎಂಬ ಒಂದೇ ಸಂಕಟ. ಅದೇ ಯಾಗದಲ್ಲಿ ಶ್ರೀಕೃಷ್ಣನಿಗೆ ಅಗ್ರಪೂಜೆ ಸಂದಾಗ ಶಿಶುಪಾಲನು ಎತ್ತಿದ ಆಕ್ಷೇಪಗಳಲ್ಲಿಯೂ, ಇವನು ರಾಜನೇ ಅಲ್ಲವಲ್ಲ ಎಂಬುದು ಮುಖ್ಯವಾದುದೆಂಬುದನ್ನು ಇಲ್ಲಿ ನೆನೆಯಬಹುದು. ಇನ್ನು ದುರ್ಯೋಧನನು ಪಾಂಡವರ ಧನವನ್ನು ಯಾವ ದಾರಿಯಿಂದ ತನ್ನದಾಗಿ ಮಾಡಿಕೊಂಡನು? ಜೂಜಿನಿಂದ. ವಂಶಕ್ರಮದಿಂದ ಬಂದ ಶುಕ್ಲಧನದ ಒಡೆಯನು ತಾನಾಗಿ ಸಂಪಾದಿಸಿದ್ದು ಕೃಷ್ಣಧನವನ್ನು. ಹಳೆಯದು ಶುದ್ಧ, ಹೊಸದು ಅಶುದ್ಧ ಎಂಬ ಸಾಮಾನ್ಯ ಎಣಿಕೆಯು ಈ ಒಂದು ಕಥೆಯಲ್ಲಿ ಪೂರ್ಣವಾಗಿ ತಲೆಕೆಳಗಾಗಿದೆ.

ಪುರಾಣಕಾಲವನ್ನು ಬಿಟ್ಟು ನಮ್ಮ ಅಜ್ಜಂದಿರ ಕಾಲಕ್ಕೆ ಬಂದರೆ, ದಕ್ಷಿಣ ಕನ್ನಡದ ಹೋಟೆಲು ಉದ್ಯಮದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. 1923ರ ಮಹಾಪ್ರವಾಹದಲ್ಲಿ ಕರಾವಳಿಯ ಅನೇಕ ಕುಟುಂಬಗಳು ಬೆಳೆ ಮನೆಗಳನ್ನು ಕಳೆದುಕೊಂಡವು. ಅದಕ್ಕೆ ಹಿಂದೆಯೂ ಮುಂದೆಯೂ, ಗೇಣಿಯ ಅಕ್ಕಿ ಸಾಲದ ಮನೆಗಳ ಹುಡುಗರು ಘಟ್ಟ ಹತ್ತಿ ಮೈಸೂರು ಸೀಮೆಗೂ, ಹಡಗು ಹತ್ತಿ ಮುಂಬಯಿಗೂ, ರೈಲು ಹತ್ತಿ ಮದರಾಸಿಗೂ ಹೋದರು. ಹಿಟ್ಟು ರುಬ್ಬುವುದು, ಪಾತ್ರೆ ತೊಳೆಯುವುದು, ನೀರು ಸೇದುವುದು ಅವರ ಮೊದಲ ವಿದ್ಯಾಭ್ಯಾಸ. ಬೆಂಗಳೂರಿನಲ್ಲಿ 1924ರಲ್ಲಿ ಮಯ್ಯ ಸಹೋದರರು ತೆರೆದ ಉಪಾಹಾರಗೃಹವೇ ಇಂದು ಎಂ.ಟಿ.ಆರ್. ಎಂದು ಪ್ರಸಿದ್ಧವಾಗಿದೆ. ಅಡಿಗೆಮನೆಯ ಚಾಕರಿಯಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಪ್ರಾರಂಭಿಸಿದರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಸ್ಥಾಪಿಸಿದರು. ಇವು ಹೆಸರಾದವು. ಹೆಸರಾಗದೆ, ಒಂದು ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯವನ್ನೆಲ್ಲ ಕಳೆದವರು ಸಾವಿರಾರು ಮಂದಿ.

ಊರಿನವರು ಇವರನ್ನು ಮೊದಲಿಗೆ ಹೇಗೆ ಕಂಡರು? ಅನ್ನವನ್ನು ಮಾರುವವರು ಎಂದು. ಆ ತಿರಸ್ಕಾರಕ್ಕೆ ಬರಿಯ ಹೊಟ್ಟೆಕಿಚ್ಚು ಕಾರಣವಾಗಿರಲಿಲ್ಲ, ಗ್ರಂಥದ ಆಧಾರವೂ ಇತ್ತು. ಆಪತ್ಕಾಲದಲ್ಲಿ ವಾಣಿಜ್ಯದಿಂದ ಬದುಕಬೇಕಾದ ಬ್ರಾಹ್ಮಣನು ಮಾರಬಾರದ ವಸ್ತುಗಳನ್ನು ಹೇಳುವಾಗ ಮನುವು ಬೇಯಿಸಿದ ಅನ್ನವನ್ನೂ ಸೇರಿಸಿದ್ದಾನೆ. ಆದುದರಿಂದ ಹೋಟೆಲಿನವನಿಗೆ ಹೆಣ್ಣು ಕೊಡಲು ಹಿಂಜರಿದ ಮನೆತನಗಳು ತಾವು ಶಾಸ್ತ್ರವನ್ನು ಪಾಲಿಸುತ್ತಿದ್ದೇವೆಂದೇ ನಂಬಿದ್ದಿರಬೇಕು. ವಿನೋದವೇನೆಂದರೆ, ಆ ಶಾಸ್ತ್ರವಚನವು ಇಂದಿಗೂ ಬದಲಾಗಿಲ್ಲ, ಹಿಂಜರಿಕೆ ಮಾತ್ರ ಎರಡನೆಯ ತಲೆಮಾರಿಗೆ ಮಾಯವಾಯಿತು. ತಂದೆಯು ಹಿಟ್ಟು ರುಬ್ಬಿದವನಾಗಿದ್ದರೆ ಮಗನು ‘ದೊಡ್ಡ ಮನೆತನದವರು’ ಎನಿಸಿದನು. ಅವನ ಹಣದಿಂದ ಊರ ದೇವಸ್ಥಾನಕ್ಕೆ ತಾಮ್ರದ ಹೊದಿಕೆ ಬಂದಿತು. ಮೂವತ್ತು ವರ್ಷ ತಾಳಿಕೊಂಡರೆ ಹೊಸ ಹಣ ತಾನಾಗಿಯೇ ಹಳೆಯದಾಗುತ್ತದೆ. ಹಾಗೆ ನೋಡಿದರೆ, ಹಿಂಜರಿದ ಆ ಮನೆತನಗಳ ಅಗ್ರಹಾರದ ವೃತ್ತಿಗಳಾದರೂ ಎಲ್ಲಿಂದ ಬಂದವು? ಒಬ್ಬ ಅರಸನು ಹೊರಗಿನಿಂದ ಕರೆಸಿ, ತಾಮ್ರಶಾಸನ ಬರೆಸಿ ಕೊಟ್ಟ ದಿನ, ಅವೂ ಹೊಸಬರ ಹೊಸ ಸಂಪತ್ತೇ ಆಗಿದ್ದವು.

ಭೂಮಿಯ ವಿಷಯವನ್ನೂ ಇಲ್ಲಿ ಹೇಳದೆ ಬಿಡಲಾಗದು. ಕರ್ನಾಟಕದ ಭೂಸುಧಾರಣಾ ಶಾಸನದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಉಳುತ್ತಿದ್ದ ಒಕ್ಕಲಿಗೆ ಅದರ ಹಕ್ಕು ದೊರೆಯಿತು. ದೇವರಾಜ ಅರಸರು ಆಗ ಮುಖ್ಯಮಂತ್ರಿಗಳು. ಮಠ, ದೇವಸ್ಥಾನಗಳ ಗೇಣಿಭೂಮಿಯೂ ಹೋಯಿತು, ಗೇಣಿಯೊಂದನ್ನೇ ನಂಬಿದ್ದ ವಿಧವೆಯರ ಗದ್ದೆಯೂ ಹೋಯಿತು. ಈ ನೋವು ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಆರಿಲ್ಲ. ನೋವು ಸಹಜ; ಆದರೆ ಆ ಒಕ್ಕಲನ್ನು ‘ಹೊಸದಾಗಿ ಶ್ರೀಮಂತನಾದವನು’ ಎಂದು ಹಳಿಯುವ ಮಾತು ಮಾತ್ರ ನ್ಯಾಯವಾಗಿ ಕಾಣುವುದಿಲ್ಲ. ನಾಲ್ಕು ತಲೆಮಾರು ಅದೇ ಗದ್ದೆಯ ಕೆಸರಿನಲ್ಲಿ ನಿಂತವನ ಪಾಲಿಗೆ ಹೊಸದಾದುದು ಪತ್ರವೇ ಹೊರತು ಗದ್ದೆಯಲ್ಲ. ಬುಡ ಕಿತ್ತು ನೆಲವನ್ನು ಹದಮಾಡಿದವನಿಗೆ ಹೊಲವು ಸೇರತಕ್ಕದ್ದೆಂಬ ಪೂರ್ವಿಕರ ಮತವನ್ನು ಮನುವೇ ಒಂಬತ್ತನೆಯ ಅಧ್ಯಾಯದಲ್ಲಿ ಉದಾಹರಿಸಿದ್ದಾನೆ. ಅಲ್ಲಿಯ ಪ್ರಕರಣ ಬೇರೆಯೆಂಬುದು ನಿಜ. ಕ್ಷೇತ್ರ, ಬೀಜಗಳ ವಿಚಾರದಲ್ಲಿ ಬಂದ ದೃಷ್ಟಾಂತವದು. ಆದರೂ ದೃಷ್ಟಾಂತವು ಲೋಕಸಿದ್ಧವಾದುದರಿಂದಲೇ ಅಲ್ಲಿ ಬಂದಿದೆಯೆಂಬುದನ್ನು ಮರೆಯಬಾರದು.

ಇಲ್ಲಿಯವರೆಗೆ ಧನವು ಬಂದ ದಾರಿಯ ವಿಚಾರವಾಯಿತು. ಶಾಸ್ತ್ರವು ಕೇಳುವ ಎರಡನೆಯ ಪ್ರಶ್ನೆಯೊಂದಿದೆ. ನಗರವಾಸಿಗಳಾದ ನಮಗೆ ಇದೇ ಹೆಚ್ಚು ಹತ್ತಿರವಾದುದು. ಗಳಿಸಿದವನು ‘ಸ್ವಂತದ್ದು’ ಎನ್ನುವ ಧನದ ಹಿಂದೆ ಯಾರ ಅನ್ನವಿದೆ?

ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ, ಪಿತೃದ್ರವ್ಯಕ್ಕೆ ಹಾನಿಯಾಗದಂತೆ ಒಬ್ಬನು ತಾನೇ ಸಂಪಾದಿಸಿದ ಧನ, ಮಿತ್ರನಿಂದ ಬಂದುದು, ವಿವಾಹದಲ್ಲಿ ಬಂದುದು, ವಿದ್ಯೆಯಿಂದ ಬಂದುದು, ಇವುಗಳಲ್ಲಿ ದಾಯಾದಿಗಳಿಗೆ ಪಾಲಿಲ್ಲ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಕನ್ನಡನಾಡಿನ ಒಂದು ರಾಜಧಾನಿಯಲ್ಲಿ ಬರೆದ ಗ್ರಂಥವು ಬಂಗಾಳ, ಅಸ್ಸಾಮುಗಳನ್ನುಳಿದು ಭಾರತದ ಬಹುಭಾಗಕ್ಕೆ ದಾಯವಿಭಾಗದ ಪ್ರಮಾಣವಾಯಿತು. ಹಿಂದೂ ಕುಟುಂಬವು ಊರು ಬಿಟ್ಟು ಹೋದಾಗ ತನ್ನ ದಾಯಪದ್ಧತಿಯನ್ನೂ ಜೊತೆಯಲ್ಲಿ ಒಯ್ಯುತ್ತದೆಂಬುದು ನ್ಯಾಯಾಲಯಗಳು ಒಪ್ಪಿದ ತತ್ತ್ವವಾದುದರಿಂದ, ಮುಂಬಯಿ ದ್ವೀಪದಲ್ಲಿ ನೀಲಕಂಠನ ವ್ಯವಹಾರಮಯೂಖಕ್ಕೆ ಪ್ರಾಶಸ್ತ್ಯವಿದ್ದರೂ, ಅಲ್ಲಿಗೆ ಹೋದ ಕನ್ನಡಿಗರನ್ನು ಸಾಮಾನ್ಯವಾಗಿ ಮಿತಾಕ್ಷರೆಯೇ ಹಿಂಬಾಲಿಸಿತು.

ವಿಜ್ಞಾನೇಶ್ವರನ ವಿಶೇಷವೆಲ್ಲ ‘ಪಿತೃದ್ರವ್ಯಕ್ಕೆ ಹಾನಿಯಾಗದಂತೆ’ ಎಂಬ ಒಂದು ವಿಶೇಷಣದಲ್ಲಿದೆ. ಅದು ಬರಿಯ ಮೊದಲನೆಯದಕ್ಕೆ ಸೇರಿದ್ದಲ್ಲ, ಮಿತ್ರಧನ, ವಿವಾಹಧನ, ವಿದ್ಯಾಧನ ಎಲ್ಲಕ್ಕೂ ಅನ್ವಯಿಸತಕ್ಕದ್ದೆಂದು ಅವನು ನಿರ್ಣಯಿಸಿದ್ದಾನೆ. ತಂದೆಯ ಹಣವನ್ನು ವ್ಯಯಮಾಡಿ ಕಲಿತ ವಿದ್ಯೆಯಿಂದ ಬಂದ ಸಂಪಾದನೆಯು, ಹಾಗಾದರೆ, ಎಲ್ಲ ಸಹೋದರರಿಗೂ ಸೇರಿದ್ದು. ಶುದ್ಧವಾದ ವಿದ್ಯಾಧನ ಯಾವುದೆಂಬುದಕ್ಕೆ ಕಾತ್ಯಾಯನನ ಲಕ್ಷಣವು ಪ್ರಸಿದ್ಧವಾಗಿದೆ: ಪರರ ಅನ್ನವನ್ನುಂಡು, ಪರರಿಂದ ಕಲಿತ ವಿದ್ಯೆಯಿಂದ ಬಂದುದು ಮಾತ್ರ. ವಾರಾನ್ನವನ್ನುಂಡು, ಬೀದಿದೀಪದಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಬಹಳ ಮಂದಿಯಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಕಾತ್ಯಾಯನನ ಲಕ್ಷಣಕ್ಕೆ ಇವರಷ್ಟು ಚೆನ್ನಾಗಿ ಒಪ್ಪುವವರು ಬೇರೆ ಯಾರೂ ಇಲ್ಲ. ಇವರ ಸಂಪಾದನೆಯಲ್ಲಿ ಅಣ್ಣತಮ್ಮಂದಿರಿಗೆ ಶಾಸ್ತ್ರತಃ ಪಾಲಿರಲಿಲ್ಲ. ಊಟ ಹಾಕಿದ ಆ ಏಳು ಮನೆಗಳಿಗಾದರೋ ಯಾವ ಸ್ಮೃತಿಯೂ ಪಾಲನ್ನು ವಿಧಿಸಿಲ್ಲ.

ನಾರದಸ್ಮೃತಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಮಿತಾಕ್ಷರೆಯೂ ಎತ್ತಿಕೊಂಡಿದೆ. ಒಬ್ಬ ಸಹೋದರನು ವಿದ್ಯಾರ್ಜನೆಗಾಗಿ ಹೋದಾಗ, ಅವನ ಕುಟುಂಬವನ್ನು ಮನೆಯಲ್ಲಿದ್ದು ಪೋಷಿಸಿದ ಸಹೋದರನು, ತಾನು ಅಕ್ಷರವರಿಯದವನಾಗಿದ್ದರೂ, ಆ ವಿದ್ಯಾಧನದಲ್ಲಿ ಪಾಲು ಹೊಂದುತ್ತಾನೆ ಎಂಬುದು ಅದರ ತಾತ್ಪರ್ಯ. ಧರ್ಮಶಾಸ್ತ್ರದಲ್ಲಿ ಇಷ್ಟು ಮನುಷ್ಯತ್ವವುಳ್ಳ ವಿಧಿಗಳು ಹೆಚ್ಚಿಲ್ಲವೆಂದು ನನ್ನ ಭಾವನೆ. ಊರಿನಲ್ಲಿ ಉಳಿದವನೆಂದರೆ ದಡ್ಡನೆಂದು, ಆಸ್ತಿಯನ್ನು ಉಂಡುಕೊಂಡಿರುವವನೆಂದು ಭಾವಿಸುವುದು ನಗರದ ಒಂದು ಸಾಮಾನ್ಯ ದೋಷ. ಅವನು ತಂದೆಯ ಕೊನೆಯ ದಿನಗಳನ್ನು ನೋಡಿಕೊಂಡನು, ಮನೆದೇವರ ಪೂಜೆಯನ್ನು ತಪ್ಪಿಸಲಿಲ್ಲ, ಸೋರುವ ಮಾಡಿಗೆ ವರ್ಷ ವರ್ಷ ಹಂಚು ಹೊದಿಸಿದನು, ತಮ್ಮನ ಕಾಲೇಜಿನ ಶುಲ್ಕಕ್ಕೆ ಅಡಕೆಯನ್ನು ಮಾರಿದನು. ಅವನ ಈ ದುಡಿಮೆಗೆ ಸಂಬಳದ ಚೀಟಿಯಿರಲಿಲ್ಲ. ‘ಸ್ವಾರ್ಜಿತ’ವೆಂಬ ಮಾತನ್ನು ಉಚ್ಚರಿಸುವ ಮೊದಲು ನಾರದರು ಇವನ ಲೆಕ್ಕವನ್ನು ಮುಂದಿಡುತ್ತಾರೆ.

ಈ ವಿಧಿಯು ಕಾಲಾಂತರದಲ್ಲಿ ಕಠಿನವಾಗಿಯೂ ಪರಿಣಮಿಸಿತೆಂಬುದನ್ನು ಮುಚ್ಚಿಡಬಾರದು. ಬ್ರಿಟಿಷರ ಕಾಲದಲ್ಲಿ ವಕೀಲರು, ವೈದ್ಯರು, ಅಧಿಕಾರಿಗಳು ಸಂಪಾದಿಸತೊಡಗಿದಾಗ, ದೂರದ ದಾಯಾದಿಗಳೂ ಪಾಲು ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಗೋಕುಲಚಂದ್ ವಿರುದ್ಧ ಹುಕುಂಚಂದ್ ಎಂಬ ಮೊಕದ್ದಮೆಯಲ್ಲಿ, ಅವಿಭಕ್ತ ಕುಟುಂಬದ ಹಣದಿಂದ ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದು ಐ.ಸಿ.ಎಸ್. ಸೇರಿದವನ ಸಂಪಾದನೆಯು ಕುಟುಂಬಕ್ಕೆ ಸೇರಿದ್ದೆಂದು 1921ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ವಿದ್ಯಾವಂತ ವರ್ಗದಲ್ಲಿ ಇದರಿಂದ ದೊಡ್ಡ ಕಳವಳವುಂಟಾಯಿತು. ಮುಂಬಯಿಯ ಎಂ. ಆರ್. ಜಯಕರರ ಪ್ರಯತ್ನದಿಂದ 1930ರಲ್ಲಿ ಹಿಂದೂ ವಿದ್ಯಾಧನದ ಶಾಸನವು ಬಂದಿತು. ಕುಟುಂಬದ ಹಣದಿಂದ ಓದಿದನೆಂಬ ಕಾರಣ ಮಾತ್ರದಿಂದ, ಅಥವಾ ಓದುವಾಗ ಅವನನ್ನಾಗಲಿ ಅವನ ಕುಟುಂಬವನ್ನಾಗಲಿ ಮನೆಯವರು ಪೋಷಿಸಿದರೆಂಬ ಕಾರಣ ಮಾತ್ರದಿಂದ, ಒಬ್ಬನ ಸಂಪಾದನೆಯು ಅವಿಭಕ್ತ ಆಸ್ತಿಯಾಗದೆಂದು ಅದು ವಿಧಿಸಿತು. ನಾರದರ ವಿಧಿಯು ಅಂದಿನಿಂದ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ನಡೆಸಬಾರದೆಂದು ಮಾತ್ರ ಆ ಶಾಸನದಲ್ಲಿ ಎಲ್ಲಿಯೂ ಹೇಳಿಲ್ಲ.

ಪಿತ್ರಾರ್ಜಿತದ ಕಡೆಗೂ ಸ್ವಲ್ಪ ನೋಡಬೇಕು. ಹಿರಿಯರ ಆಸ್ತಿಯುಳ್ಳವನು ಭಾಗ್ಯಶಾಲಿಯೆಂದು ಲೋಕವು ತಿಳಿಯುತ್ತದೆ. ಮಿತಾಕ್ಷರೆಯಲ್ಲಾದರೋ ಅವನ ಕೈಕಾಲುಗಳಿಗೆ ಬಹಳ ಕಟ್ಟುಗಳಿವೆ. ಪಿತಾಮಹನ ಭೂಮಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ತಂದೆಗೆ ಸಮನಾದ ಸ್ವಾಮ್ಯವಿದೆ. ಆದುದರಿಂದ ತಂದೆಯು ಅದನ್ನು ತನ್ನ ಇಚ್ಛೆಯಂತೆ ಮಾರುವಂತಿಲ್ಲ. ಆಪತ್ತು, ಕುಟುಂಬಪೋಷಣೆ, ಅವಶ್ಯವಾದ ಧರ್ಮಕಾರ್ಯ, ಇಂಥ ಕಾರಣಗಳಿರಬೇಕು. ಆಸ್ತಿಯ ಜೊತೆಯಲ್ಲಿ ಸಾಲವೂ ಇಳಿದುಬರುತ್ತದೆ. ತಂದೆ ಮಾಡಿದ ಸಾಲವನ್ನು ಮಗನೂ ಮೊಮ್ಮಗನೂ ತೀರಿಸಬೇಕು. ಮದ್ಯ, ಜೂಜು, ಕಾಮಗಳಿಗಾಗಿ ಮಾಡಿದ ಸಾಲ ಮಾತ್ರ ಇದಕ್ಕೆ ಹೊರತು. ಈ ಕಟ್ಟುಪಾಡು 2005ರವರೆಗೂ ನ್ಯಾಯಾಲಯಗಳಲ್ಲಿ ಜೀವಂತವಾಗಿತ್ತು. ಆ ವರ್ಷದ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ ಅದು ಅನ್ವಯಿಸುವುದಿಲ್ಲ. ಒಟ್ಟಿನಲ್ಲಿ ಹಳೆಯ ಮನೆತನದ ಯಜಮಾನನು ಹಿಂದಿನವರ ಸಾಲ, ಮುಂದಿನವರ ಹಕ್ಕು ಇವೆರಡರ ನಡುವೆ ನಿಂತ ಕಾವಲುಗಾರನೇ ಹೊರತು ಪೂರ್ಣ ಒಡೆಯನಲ್ಲ. ಸ್ವಾರ್ಜಿತದ ವಿಷಯದಲ್ಲಾದರೋ ತಂದೆಗೆ ಹೆಚ್ಚಿನ ಸ್ವಾತಂತ್ರ್ಯವಿದೆ. ಜನರು ಮಾತ್ರ ಕಾವಲುಗಾರನಿಗೆ ಕೈಮುಗಿದು, ಒಡೆಯನನ್ನು ನೋಡಿ ನಕ್ಕರು.

ದಾಸಶ್ರೇಷ್ಠರಾದ ಪುರಂದರದಾಸರ ಪೂರ್ವಾಶ್ರಮವನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಸಂಪ್ರದಾಯದ ಕಥನದಂತೆ ಶ್ರೀನಿವಾಸನಾಯಕರಿಗೆ ತಂದೆಯಿಂದ ಬಂದ ಲೇವಾದೇವಿಯ ವ್ಯಾಪಾರವಿತ್ತು. ಅದನ್ನು ತಾವೂ ಬೆಳೆಸಿ ನವಕೋಟಿ ನಾರಾಯಣರೆನಿಸಿದರು. ಪಿತ್ರಾರ್ಜಿತ, ಸ್ವಾರ್ಜಿತಗಳೆರಡೂ ಒಂದೇ ತಿಜೋರಿಯಲ್ಲಿದ್ದವು. ಮೂಗುತಿಯ ಪ್ರಸಂಗವಾದ ದಿನ ಅವರು ಇದು ಹಿರಿಯರದು, ಇದು ನನ್ನದು ಎಂದು ವಿಂಗಡಿಸಲಿಲ್ಲ; ಎರಡಕ್ಕೂ ಒಂದೇ ತುಳಸೀದಳ.

ಇನ್ನು ಇಂದಿನ ಕಾನೂನನ್ನು ಸಂಕ್ಷೇಪವಾಗಿ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಅಜ್ಜನ ಆಸ್ತಿಯೆಲ್ಲವೂ ಮೊಮ್ಮಗನಿಗೆ ಹುಟ್ಟಿನಿಂದಲೇ ಬರುತ್ತದೆಂದು ಅನೇಕರು ನಂಬಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಶಾಸನದ ನಂತರ, ತಂದೆಯ ಸ್ವಾರ್ಜಿತವು ಉಯಿಲಿಲ್ಲದೆ ಮಗನಿಗೆ ಬಂದರೆ ಅದು ಆ ಮಗನ ಸ್ವಂತ ಆಸ್ತಿ; ಅವನ ಮಕ್ಕಳಿಗೆ ಅದರಲ್ಲಿ ಜನ್ಮಸಿದ್ಧವಾದ ಹಕ್ಕಿಲ್ಲ. ಚಂದರ್‌ಸೇನ್ ಪ್ರಕರಣದಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. ನಗರದಲ್ಲಿ ಒಂದು ತಲೆಮಾರು ಗಳಿಸಿದ ಮನೆ, ಠೇವಣಿಗಳು ಹೀಗೆ ಪಿತ್ರಾರ್ಜಿತವೆಂಬ ಹೆಸರನ್ನು ಪಡೆಯುವ ಮೊದಲೇ ಮತ್ತೆ ಒಬ್ಬನ ಸ್ವಂತವಾಗುತ್ತವೆ. ಹಳೆಯ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಜನ್ಮತಃ ಸಮಪಾಲು ಕೊಡುವ ನಿಯಮವು ಆಂಧ್ರಪ್ರದೇಶದಲ್ಲಿ 1986ರಲ್ಲಿ, ತಮಿಳುನಾಡಿನಲ್ಲಿ 1989ರಲ್ಲಿ, ಕರ್ನಾಟಕ ಮಹಾರಾಷ್ಟ್ರಗಳಲ್ಲಿ 1994ರಲ್ಲಿ ಬಂದಿತು. ಆಗ ಅದು ಅವ್ವಲಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ, ವಿವಾಹಿತರು ಅವಿವಾಹಿತರು ಎಂಬ ಭೇದವಿಲ್ಲದೆ, ಅನ್ವಯಿಸಿತು. ಆ ದಿನ ತಂದೆ ಬದುಕಿರಬೇಕೆಂಬ ನಿಬಂಧನೆಯಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ನಿರ್ಣಯವಾಯಿತು. ಊರಿನ ಆಸ್ತಿಯನ್ನು ಗಂಡುಮಕ್ಕಳಷ್ಟೇ ಕುಳಿತು ಹಂಚಿಕೊಳ್ಳುವ ಕಾಲವು, ಆದುದರಿಂದ, ಮುಗಿದಿದೆ.

ಕೊನೆಯದಾಗಿ ಒಂದು ಪ್ರಶ್ನೆ. ಈಚಿನ ವರ್ಷಗಳಲ್ಲಿ ನಗರದಲ್ಲಿ ಅನುಕೂಲವಂತರಾದವರು, ಹಿಂದೆ ಸಾಲಕ್ಕೆ ಹೋದ ಊರಿನ ಮನೆಯನ್ನೋ ತೋಟವನ್ನೋ ತಮ್ಮ ಹಣದಿಂದ ಮರಳಿ ಕೊಳ್ಳುವುದುಂಟು. ಇದು ಸ್ವಾರ್ಜಿತವೇ, ಪಿತ್ರಾರ್ಜಿತವೇ? ಕ್ರಯಪತ್ರ ಯಾರ ಹೆಸರಿನಲ್ಲಿದೆಯೋ, ಹಣ ಯಾರದೋ, ಅವರದೆಂದು ಇಂದಿನ ಕಾನೂನು ಸಾಮಾನ್ಯವಾಗಿ ಹೇಳುತ್ತದೆ. ಕೈತಪ್ಪಿದ ಹಿರಿಯರ ಸ್ವತ್ತನ್ನು ಇತರ ದಾಯಾದಿಗಳ ಅನುಮತಿಯಿಂದ, ಪಿತೃದ್ರವ್ಯವನ್ನು ಬಳಸದೆ, ಮರಳಿ ತಂದವನು ಅದನ್ನು ಹಂಚಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನೂ ಹೇಳಿದ್ದಾನೆ. ಆದರೆ ಮಿತಾಕ್ಷರೆಯು ಭೂಮಿಗೆ ಮಾತ್ರ ಶಂಖನ ವಚನವನ್ನಾಧರಿಸಿ ಬೇರೆ ಲೆಕ್ಕವನ್ನು ಕೊಡುತ್ತದೆ. ಕಳೆದುಹೋದ ಭೂಮಿಯನ್ನು ಉದ್ಧರಿಸಿದವನು ಮೊದಲು ನಾಲ್ಕನೆಯ ಒಂದು ಭಾಗವನ್ನು ತನಗೆಂದು ತೆಗೆದುಕೊಳ್ಳತಕ್ಕದ್ದು. ಉಳಿದ ಮುಕ್ಕಾಲು ಪಾಲನ್ನು ಅವನನ್ನೂ ಸೇರಿಸಿ ಎಲ್ಲ ಸಹೋದರರೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ನಾಲ್ವರು ಸಹೋದರರಿದ್ದು ಹದಿನಾರು ಎಕರೆ ತೋಟ ಮರಳಿ ಬಂದರೆ, ತಂದವನಿಗೆ ನಾಲ್ಕು ಮತ್ತು ಮೂರು, ಒಟ್ಟು ಏಳು ಎಕರೆ. ಉಳಿದ ಮೂವರಿಗೆ ಮೂರು ಮೂರು ಎಕರೆ.